ಗೃಹಗಣಕದ ಚರಿತ್ರೆಯೂ ಟೆಲಿವಿಷನ್ ಸಾಕ್ಷ್ಯಚಿತ್ರಗಳೂ: ಸೇಡಂ–ಚಿತ್ತಾಪುರ ಸೀಮೆಯಿಂದ ಒಂದು ಪರಿಶೀಲನೆ

೧

ರಾಷ್ಟ್ರಕೂಟರ ಮಾನ್ಯಖೇಟವನ್ನು ತನ್ನ ಗಡಿಯೊಳಗೆ ಇಟ್ಟುಕೊಂಡಿರುವ ಸೇಡಂ ತಾಲ್ಲೂಕು, ಸನ್ನತಿ–ಕನಗನಹಳ್ಳಿಗಳ ಬೌದ್ಧಾವಶೇಷಗಳಿಂದ ವಿಖ್ಯಾತವಾದ ಚಿತ್ತಾಪುರ ತಾಲ್ಲೂಕು, ಇವೆರಡರ ವಿದ್ಯಾರ್ಥಿಗಳಿಗೆ ಇತಿಹಾಸವನ್ನು ಬೋಧಿಸುವವನೊಬ್ಬನು ಗಣಕಯಂತ್ರಗಳ ಚರಿತ್ರೆಯನ್ನು ಕುರಿತು ಬರೆಯಹೊರಟರೆ ಓದುಗರಿಗೆ ಆಶ್ಚರ್ಯವಾದೀತು. ಆದುದರಿಂದ ಈ ಲೇಖನಕ್ಕೆ ಕಾರಣವಾದ ಸಂಗತಿಯನ್ನು ಮೊದಲಿಗೇ ತಿಳಿಸುವುದು ಯುಕ್ತ. ವಿಜ್ಞಾನ ಮತ್ತು ತಂತ್ರವಿದ್ಯೆಗಳ ಚರಿತ್ರೆಯನ್ನು ಪಾಠ ಹೇಳುತ್ತಿದ್ದಾಗ, ಮನೆಬಳಕೆಯ ಮೊದಲ ಗಣಕಗಳನ್ನು ಕುರಿತ ಒಂದು ಸಾಕ್ಷ್ಯಚಿತ್ರವನ್ನು ತರಗತಿಯಲ್ಲಿ ತೋರಿಸಿದೆನು. ಚಿತ್ರ ಮುಗಿದ ಮೇಲೆ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು, “ಸರ್, ಈ ಚರಿತ್ರೆ ನಡೆಯುವಾಗ ನಮ್ಮವರು ಏನು ಮಾಡುತ್ತಿದ್ದರು?” ಎಂದು ಕೇಳಿದನು. ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ. ಆ ಪ್ರಶ್ನೆಗೆ ತಕ್ಕಮಟ್ಟಿಗಾದರೂ ಸಮಾಧಾನ ಹೇಳುವ ಪ್ರಯತ್ನವೇ ಪ್ರಸ್ತುತ ಲೇಖನ.

ಪರಿಭಾಷೆಯನ್ನು ಕುರಿತು ಒಂದು ಮಾತು. ‘ದೂರದರ್ಶನ’ ಎಂಬ ಹೆಸರು ನಮ್ಮಲ್ಲಿ ಒಂದು ಸಂಸ್ಥೆಗೂ ಸಲ್ಲುವುದರಿಂದ, ಮಾಧ್ಯಮವನ್ನು ‘ಟೆಲಿವಿಷನ್’ ಎಂದೂ ಸಂಸ್ಥೆಯನ್ನು ಮಾತ್ರ ‘ದೂರದರ್ಶನ’ ಎಂದೂ ಇಲ್ಲಿ ಕರೆಯಲಾಗಿದೆ. ‘ಗೃಹಗಣಕ’ವೆಂದರೆ ಸುಮಾರು ೧೯೭೫ರಿಂದ ೧೯೯೦ರವರೆಗೆ ಸಾಮಾನ್ಯ ಕುಟುಂಬಗಳು ಕೊಳ್ಳಬಹುದಾದ ಬೆಲೆಗೆ ಮಾರಾಟವಾದ ಸಣ್ಣ ಗಣಕ.

೨

ಈ ವಿಷಯವಾಗಿ ಟೆಲಿವಿಷನ್ನಿನಲ್ಲಿ ಬಂದಿರುವ ಚಿತ್ರಗಳು ಅನೇಕ. ೧೯೯೨ರಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ದಿ ಮಷೀನ್ ದಟ್ ಚೇಂಜ್ಡ್ ದಿ ವರ್ಲ್ಡ್’ ಐದು ಕಂತುಗಳ ಮಾಲೆ. ಅದರ ಮೂರನೆಯ ಕಂತು ವೈಯಕ್ತಿಕ ಗಣಕಕ್ಕೆ ಮೀಸಲಾದುದು. ೧೯೯೬ರಲ್ಲಿ ರಾಬರ್ಟ್ ಕ್ರಿಂಜ್ಲಿ ಅವರು ನಿರೂಪಿಸಿದ ‘ಟ್ರಯಂಫ್ ಆಫ್ ದಿ ನರ್ಡ್ಸ್’ ಮೂರು ಕಂತುಗಳಲ್ಲಿ ಹೊರಬಂದಿತು. ಬ್ರಿಟನ್ನಿನಲ್ಲಿ ೨೦೦೯ರಲ್ಲಿ ಪ್ರಸಾರವಾದ ‘ಮೈಕ್ರೋ ಮೆನ್’ ವಸ್ತುತಃ ನಾಟಕರೂಪದ ಚಿತ್ರವೇ ಆದರೂ, ಹಳೆಯ ವಾರ್ತಾಚಿತ್ರಗಳನ್ನು ನಟರ ಅಭಿನಯದೊಡನೆ ಹೆಣೆದಿರುವುದರಿಂದ ನೋಡುವವರ ಮನಸ್ಸಿನಲ್ಲಿ ಅದು ಸಾಕ್ಷ್ಯಚಿತ್ರದ ಸ್ಥಾನವನ್ನೇ ಪಡೆದಿದೆ.

ಇಂತಹ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡು ಕಥಾನಕಗಳು ಎದ್ದು ಕಾಣುತ್ತವೆ. ಮೊದಲನೆಯದು ಅಮೆರಿಕದ ಕಥೆ. ೧೯೭೫ರ ಜನವರಿಯಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ‘ಆಲ್ಟೇರ್ ೮೮೦೦’ ಕಾಣಿಸಿಕೊಳ್ಳುತ್ತದೆ. ಅದೇ ಮಾರ್ಚ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನ ಒಂದು ಮೋಟಾರು ಕೊಟ್ಟಿಗೆಯಲ್ಲಿ ಹವ್ಯಾಸಿಗಳ ಸಂಘ ಸೇರುತ್ತದೆ. ೧೯೭೭ರಲ್ಲಿ ಆ್ಯಪಲ್ ೨, ಕಮೊಡೋರ್ ಪೆಟ್, ಟಿ.ಆರ್.ಎಸ್. ೮೦ ಎಂಬ ಮೂರು ಯಂತ್ರಗಳು ಮಾರುಕಟ್ಟೆಗೆ ಬರುತ್ತವೆ. ಎರಡನೆಯದು ಬ್ರಿಟನ್ನಿನ ಕಥೆ. ಕ್ಲೈವ್ ಸಿಂಕ್ಲೇರ್ ಅವರ ಝಡ್.ಎಕ್ಸ್. ೮೦ ಯಂತ್ರವು ೧೯೮೦ರಲ್ಲಿ ನೂರು ಪೌಂಡುಗಳಿಗಿಂತ ಕಡಮೆ ಬೆಲೆಗೆ ದೊರೆಯುತ್ತದೆ; ೧೯೮೨ರ ಏಪ್ರಿಲಿನಲ್ಲಿ ‘ಸ್ಪೆಕ್ಟ್ರಮ್’ ೧೨೫ ಪೌಂಡುಗಳಿಗೆ ಬರುತ್ತದೆ; ಅದಕ್ಕೆ ಪ್ರತಿಸ್ಪರ್ಧಿಯಾಗಿ ಏಕಾರ್ನ್ ಸಂಸ್ಥೆಯ ‘ಬಿ.ಬಿ.ಸಿ. ಮೈಕ್ರೋ’ ನಿಲ್ಲುತ್ತದೆ.

ಈ ಘಟನೆಗಳು ನಿಜವಾಗಿ ನಡೆದವೆಂಬುದು ನಿರ್ವಿವಾದ. ವಿಚಾರಿಸಬೇಕಾದುದು ಅವುಗಳ ಜೋಡಣೆಯನ್ನು. ಎರಡು ಕಥೆಗಳಲ್ಲಿಯೂ ನಾಯಕನು ಒಬ್ಬ ಪ್ರತಿಭಾಶಾಲಿ ತರುಣ, ಕಾರ್ಯಕ್ಷೇತ್ರ ಒಂದು ಕಿರುಕೋಣೆ, ಫಲ ಅಪಾರ ಸಂಪತ್ತು ಅಥವಾ ದಾರುಣ ಪತನ. ಆ್ಯಪಲ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೊಜ್ನಿಯಾಕ್ ಅವರೇ, ತಮ್ಮ ಯಂತ್ರಗಳ ವಿನ್ಯಾಸವಾಗಲಿ ತಯಾರಿಕೆಯಾಗಲಿ ಪ್ರಸಿದ್ಧವಾದ ಆ ಕೊಟ್ಟಿಗೆಯಲ್ಲಿ ನಡೆಯಲಿಲ್ಲವೆಂದೂ ಆ ಕಥೆಯಲ್ಲಿ ಐತಿಹ್ಯದ ಅಂಶವೇ ಹೆಚ್ಚೆಂದೂ ೨೦೧೪ರಲ್ಲಿ ಸ್ಪಷ್ಟಪಡಿಸಿದರು. ಆದರೂ ಕೊಟ್ಟಿಗೆ ಚಿತ್ರಗಳಿಂದ ಮಾಯವಾಗಲಿಲ್ಲ. ಕಣ್ಣಿಗೆ ತೋರಿಸಲು ಅನುಕೂಲವಾದ ವಸ್ತುವು ನಡೆದ ಸಂಗತಿಗಿಂತ ದೀರ್ಘಾಯುವಾಗುವುದು ಈ ಮಾಧ್ಯಮದ ಸ್ವಭಾವ.

ಆಯ್ಕೆಯ ಸಮಸ್ಯೆ ಇನ್ನೊಂದು. ೧೯೯೬ರ ಮಾಲೆಗಾಗಿ ಅದರ ಹಿಂದಿನ ವರ್ಷ ಸ್ಟೀವ್ ಜಾಬ್ಸ್ ಅವರೊಡನೆ ಒಂದು ಗಂಟೆಗೂ ಮಿಕ್ಕಿದ ಸಂದರ್ಶನವನ್ನು ಚಿತ್ರೀಕರಿಸಲಾಗಿತ್ತು. ಚಿತ್ರದಲ್ಲಿ ಬಳಸಿದುದು ಅದರ ಸ್ವಲ್ಪಭಾಗವನ್ನು ಮಾತ್ರ. ಮೂಲ ಸುರುಳಿ ಸಾಗಣೆಯಲ್ಲಿ ಕಳೆದುಹೋಯಿತು. ನಿರ್ದೇಶಕರ ಮನೆಯಲ್ಲಿ ಒಂದು ಸಾಧಾರಣ ಪ್ರತಿ ಉಳಿದಿದ್ದುದರಿಂದ ಮಾತ್ರವೇ, ೨೦೧೧ರಲ್ಲಿ ಜಾಬ್ಸ್ ತೀರಿಕೊಂಡ ನಂತರ, ಆ ಸಂದರ್ಶನ ಪೂರ್ಣವಾಗಿ ಬೆಳಕು ಕಂಡಿತು. ಜಗತ್ಪ್ರಸಿದ್ಧನಾದವನೊಬ್ಬನ ಮಾತುಗಳಿಗೇ ಈ ಗತಿಯಾದರೆ, ಕಾರ್ಖಾನೆಯಲ್ಲಿ ಆ ಯಂತ್ರಗಳನ್ನು ಜೋಡಿಸಿದವರ ಮಾತುಗಳ ಗತಿಯೇನು?

೩

ಹಾಗೆಂದ ಮಾತ್ರಕ್ಕೆ ಸಾಕ್ಷ್ಯಚಿತ್ರಗಳನ್ನು ಆಕರಗಳ ಪಟ್ಟಿಯಿಂದ ಹೊರಹಾಕುವುದು ಅವಿವೇಕವಾದೀತು. ಕೊನ್ರಾಡ್ ಝೂಸ ಅವರಂತಹ ಆದ್ಯರ ಮುಖವನ್ನೂ ಧ್ವನಿಯನ್ನೂ, ಅವರು ೧೯೯೫ರಲ್ಲಿ ಗತಿಸುವುದಕ್ಕೆ ಮುನ್ನ, ನಮಗಾಗಿ ಉಳಿಸಿಕೊಟ್ಟುದು ಟೆಲಿವಿಷನ್ನೇ. ಧ್ವನಿಸುರುಳಿಯಿಂದ ಆದೇಶಗಳು ಗಣಕದೊಳಕ್ಕೆ ಇಳಿಯುವಾಗಿನ ಆ ಕರ್ಕಶನಾದವನ್ನು ಯಾವ ಗ್ರಂಥವೂ ಕೇಳಿಸಲಾರದು. ಬೇಕಾಗಿರುವುದು ವಿಮರ್ಶೆಯ ಒಂದು ಕ್ರಮ. ಆ ಕ್ರಮ ನಮ್ಮ ಶಾಸನಾಧ್ಯಯನದಲ್ಲಿ ಈಗಾಗಲೇ ಇದೆ.

ನಮ್ಮ ದಾನಶಾಸನಗಳಲ್ಲಿ ಮೊದಲು ಬರುವುದು ಪ್ರಶಸ್ತಿಭಾಗ. ಅರಸನು ಸಕಲ ವೈರಿಗಳನ್ನೂ ಗೆದ್ದವನು, ಶರಣಾಗತರಿಗೆ ಕಲ್ಪವೃಕ್ಷ ಎಂಬಂತಹ ಬಿರುದುಗಳು ಅಲ್ಲಿ ಸಾಲುಗಟ್ಟುತ್ತವೆ. ಅನಂತರ ಬರುವುದು ದಾನಭಾಗ: ಇಂತಹ ಊರಿನ ಇಷ್ಟು ಭೂಮಿ, ಅದರ ಮೂಡಲ ಎಲ್ಲೆ ಇದು, ಪಡುವಲ ಎಲ್ಲೆ ಇದು, ಸಾಕ್ಷಿಗಳು ಇಂಥವರು. ಪ್ರಶಸ್ತಿಯನ್ನು ಅನುಮಾನದಿಂದಲೂ ದಾನವಿವರವನ್ನು ಹೆಚ್ಚಿನ ನಂಬಿಕೆಯಿಂದಲೂ ಓದುವುದು ಶಾಸನಜ್ಞರ ರೂಢಿ. ನಮ್ಮ ಸಾಕ್ಷ್ಯಚಿತ್ರಗಳಲ್ಲಿ ನಿರೂಪಕನ ಮಾತು ಪ್ರಶಸ್ತಿ. ಚಿತ್ರದ ಮೂಲೆಯಲ್ಲಿ ಅಕಸ್ಮಾತ್ತಾಗಿ ಬಿದ್ದಿರುವ ಬೆಲೆಚೀಟಿ, ಯಂತ್ರದ ಹಿಂಬದಿಯ ತಂತಿ, ಮೇಜಿನ ಮೇಲಿನ ಧ್ವನಿಸುರುಳಿ ಯಂತ್ರ, ಹಿನ್ನೆಲೆಯಲ್ಲಿ ಕೆಲಸ ಮಾಡುತ್ತಿರುವ ಕೈಗಳು, ಇವು ದಾನಭಾಗ.

ಈ ಕ್ರಮದಿಂದ ನೋಡಿದಾಗ ಹೊಸ ಸಂಗತಿಗಳು ಗೋಚರಿಸುತ್ತವೆ. ಸಿಂಕ್ಲೇರರ ಯಂತ್ರಗಳು ಸ್ಕಾಟ್ಲೆಂಡಿನ ಡಂಡೀ ನಗರದ ಟೈಮೆಕ್ಸ್ ಕಾರ್ಖಾನೆಯಲ್ಲಿ ತಯಾರಾದವು. ಅಲ್ಲಿ ದುಡಿದವರಲ್ಲಿ ಬಹುಪಾಲು ಹೆಂಗಸರು. ಚಿತ್ರಗಳಲ್ಲಿ ಅವರು ಕೆಲವು ಕ್ಷಣ ಕಾಣಿಸಿಕೊಂಡರೂ ಅವರ ಹೆಸರುಗಳು ಮೂಡುವುದಿಲ್ಲ. ಕನಗನಹಳ್ಳಿಯ ಸ್ತೂಪದ ಫಲಕದಲ್ಲಿರುವ ರಾಜನ ಮೂರ್ತಿಯನ್ನು ಅಶೋಕನದೆಂದು ನಾವು ನಿಸ್ಸಂದೇಹವಾಗಿ ಹೇಳುವುದು, ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಅವನ ಹೆಸರನ್ನು ಕೆತ್ತಿರುವುದರಿಂದ. ಅದೇ ಫಲಕದಲ್ಲಿ ಅವನ ಸುತ್ತ ನಿಂತಿರುವ ಪರಿವಾರದವರು ಯಾರೆಂಬುದು ಇಂದಿಗೂ ತಿಳಿಯದು. ಶಿಲ್ಪಿಯ ಉಳಿಗೂ ಚಿತ್ರಸಂಪಾದಕನ ಕತ್ತರಿಗೂ ಎರಡು ಸಹಸ್ರ ವರ್ಷಗಳ ಅಂತರವಿದ್ದರೂ ಹೆಸರು ಬರೆಯುವ ನಿಯಮ ಬದಲಾಗಿಲ್ಲ.

೪

ಪ್ರಸ್ತುತ ಲೇಖಕನಿಗೆ ಅತ್ಯಂತ ಮುಖ್ಯವೆಂದು ತೋರುವ ಲೋಪ ಇನ್ನೊಂದು ಉಂಟು. ಟೆಲಿವಿಷನ್ ಸಾಕ್ಷ್ಯಚಿತ್ರಗಳು ಮರೆತಿರುವುದು ಟೆಲಿವಿಷನ್ನನ್ನೇ. ಸ್ಪೆಕ್ಟ್ರಮ್ ಮೊದಲಾದ ಅಗ್ಗದ ಗೃಹಗಣಕಗಳಿಗೆ ಸ್ವಂತದ ಪರದೆ ಇರಲಿಲ್ಲ. ಮನೆಯಲ್ಲಿ ಮೊದಲೇ ಇದ್ದ ಟೆಲಿವಿಷನ್ ಪೆಟ್ಟಿಗೆಗೆ ತಂತಿಯನ್ನು ಸಿಕ್ಕಿಸಬೇಕಾಗಿತ್ತು. ಮಾಹಿತಿಯನ್ನು ಉಳಿಸಲು ಮನೆಯಲ್ಲಿ ಮೊದಲೇ ಇದ್ದ ಧ್ವನಿಸುರುಳಿ ಯಂತ್ರವನ್ನು ಜೋಡಿಸಬೇಕಾಗಿತ್ತು. ಯಂತ್ರದ ಬೆಲೆ ಇಳಿದುದರಲ್ಲಿ ತಯಾರಕನ ಜಾಣ್ಮೆಯಷ್ಟೇ ಪಾಲು ಗ್ರಾಹಕನ ನಡುಮನೆಯಲ್ಲಿದ್ದ ಆಸ್ತಿಗೂ ಸಲ್ಲುತ್ತದೆ.

ಇಷ್ಟೇ ಅಲ್ಲ. ಬ್ರಿಟನ್ನಿನ ಕಥೆಯಲ್ಲಿ ಟೆಲಿವಿಷನ್ನು ಕೇವಲ ಪರದೆಯಾಗಿರದೆ ಪ್ರವರ್ತಕನೂ ಆಗಿದ್ದಿತು. ‘ದಿ ಕಂಪ್ಯೂಟರ್ ಪ್ರೋಗ್ರಾಮ್’ ಎಂಬ ಹತ್ತು ಕಂತುಗಳ ಮಾಲೆಯನ್ನು ೧೯೮೨ರ ಜನವರಿಯಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿತು, ಆ ಪಾಠಗಳಿಗೆ ಹೊಂದುವ ಯಂತ್ರವೊಂದು ಬೇಕೆಂದೇ ತನ್ನ ಹೆಸರಿನ ಗಣಕವನ್ನು ಮಾಡಿಸಿತು. ಅಂದಮೇಲೆ ಈ ಚರಿತ್ರೆಯನ್ನು ಹೇಳುವ ಟೆಲಿವಿಷನ್ನು ತಟಸ್ಥ ಸಾಕ್ಷಿಯಲ್ಲ. ಅದು ವ್ಯವಹಾರದಲ್ಲಿ ಪಾಲುಗಾರ. ಶಾಸನವನ್ನು ಬರೆದವನೇ ದಾನವನ್ನು ಸ್ವೀಕರಿಸಿದವನೂ ಆಗಿದ್ದರೆ ಆ ಶಾಸನವನ್ನು ಎಷ್ಟು ಎಚ್ಚರದಿಂದ ಓದುತ್ತೇವೆಯೋ ಇಲ್ಲಿಯೂ ಅಷ್ಟೇ ಎಚ್ಚರ ಅಗತ್ಯ. ಬಿ.ಬಿ.ಸಿ.ಯು ತನ್ನ ಆ ಕಾಲದ ಗಣಕಪಾಠಗಳನ್ನು ೨೦೧೮ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟುದರಿಂದ, ಈಚಿನ ಸ್ಮರಣಚಿತ್ರಗಳನ್ನು ಆ ಮೂಲಗಳೊಡನೆ ಹೋಲಿಸುವುದು ಈಗ ಸಾಧ್ಯವಾಗಿದೆ.

೫

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಏನು ನಡೆಯುತ್ತಿದ್ದಿತು?

ಮೊದಲನೆಯದಾಗಿ, ಇದು ಯಂತ್ರವನ್ನೇ ಕಾಣದ ನಾಡೆಂಬ ಭಾವನೆಯನ್ನು ಬಿಡಬೇಕು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆದುದು ೧೮೭೪ರಲ್ಲಿ. ಶಹಾಬಾದಿನಲ್ಲಿ ಸಿಮೆಂಟು ಕಾರ್ಖಾನೆ ೧೯೨೦ರ ದಶಕಕ್ಕೆ ಸೇರಿದುದು. ಮುಂದೆ ಅದೇ ಊರಿನಲ್ಲಿ ಭಾರಿ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೂ ಎದ್ದಿತು. ವಾಡಿಯ ಸಿಮೆಂಟು ಕಾರ್ಖಾನೆ ೧೯೬೮ರದು. ಕಾರ್ಖಾನೆಯ ಭೋಂಗಾದಿಂದ ಹೊತ್ತನ್ನು ಅಳೆದ ಈ ಊರುಗಳಿಗೆ ಯಂತ್ರದ ಪರಿಚಯವಿರಲಿಲ್ಲವೆನ್ನಲಾಗದು. ಆದರೆ ಇಲ್ಲಿಯ ಯಂತ್ರ ಮನೆಯೊಳಗಿನದಲ್ಲ. ಅದು ಗೇಟಿನ ಆಚೆಗಿದ್ದು, ಪಾಳಿಯ ಪ್ರಕಾರ ಹೋಗಿ ದುಡಿದು ಬರತಕ್ಕ ಯಂತ್ರ.

ಎರಡನೆಯದಾಗಿ, ಟೆಲಿವಿಷನ್ನು ಇಲ್ಲಿಗೆ ಬಂದ ಬಗೆಯೇ ಬೇರೆ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಭಾರತವು ‘ಸೈಟ್’ ಎಂದು ಖ್ಯಾತವಾದ ಉಪಗ್ರಹ ಬೋಧನ ಟೆಲಿವಿಷನ್ ಪ್ರಯೋಗವನ್ನು ನಡೆಸಿತು. ಅಮೆರಿಕದ ಎ.ಟಿ.ಎಸ್. ೬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ಬಿಜಾಪುರ, ರಾಯಚೂರು ಮತ್ತು ನಮ್ಮ ಗುಲಬರ್ಗಾ. ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ರಚಿಸಿದ, ಸುಮಾರು ಮೂರು ಮೀಟರ್ ಅಗಲದ ಬೋಗುಣಿಯಾಕಾರದ ಆಂಟೆನಾಗಳು ಊರ ಶಾಲೆ, ಪಂಚಾಯತಿ ಕಟ್ಟಡಗಳಂತಹ ಸಾರ್ವಜನಿಕ ಸ್ಥಳಗಳಲ್ಲಿ ಆಕಾಶಕ್ಕೆ ಮುಖಮಾಡಿ ನಿಂತವು. ಮುಂಜಾನೆ ಮಕ್ಕಳಿಗೆ ಪಾಠ. ಸಂಜೆ ಬೇಸಾಯ, ಆರೋಗ್ಯ, ಮನರಂಜನೆ. ೧೯೭೭ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಕೇಂದ್ರವೊಂದು ಆರಂಭವಾದುದು ಈ ಪ್ರಯೋಗದ ಮುಂದುವರಿಕೆಯಾಗಿಯೇ. ಬೆಂಗಳೂರಿನಲ್ಲಿ ಕೇಂದ್ರ ಆರಂಭವಾದುದು ೧೯೮೧ರಲ್ಲಿ. ಹಿಂದುಳಿದುದೆಂದು ಎಲ್ಲರೂ ಹೇಳುವ ನಮ್ಮ ಜಿಲ್ಲೆಯು ಈ ಒಂದು ವಿಷಯದಲ್ಲಿ ರಾಜಧಾನಿಗಿಂತ ಮುಂದಿದ್ದಿತೆಂಬುದು ಇಲ್ಲಿಯವರಲ್ಲೇ ಅನೇಕರಿಗೆ ವಿದಿತವಿಲ್ಲ.

ಇದರಿಂದ ಒಂದು ಮುಖ್ಯ ನಿರ್ಣಯ ಹೊರಡುತ್ತದೆ. ಬ್ರಿಟನ್ನಿನಲ್ಲಿ ಟೆಲಿವಿಷನ್ ನಡುಮನೆಯ ಸೊತ್ತು; ನಮ್ಮಲ್ಲಿ ಅದು ಮೊದಲಿಗೆ ಊರೊಟ್ಟಿನ ಸೊತ್ತು. ಊರ ಜನರೆಲ್ಲ ಎದುರಿಗೆ ಕುಳಿತು ನೋಡುವ ಪೆಟ್ಟಿಗೆಗೆ ಒಬ್ಬನೇ ಹುಡುಗನು ತನ್ನ ಗಣಕದ ತಂತಿಯನ್ನು ಸಿಕ್ಕಿಸುವ ಪ್ರಸಂಗವೇ ಒದಗದು. ಪುಣೆಯ ಡೆಸಿಬೆಲ್ಸ್ ಸಂಸ್ಥೆಯು ಪರವಾನಗಿ ಪಡೆದು ೧೯೮೬ರಲ್ಲಿ ಸ್ಪೆಕ್ಟ್ರಮ್ ಯಂತ್ರವನ್ನು ಭಾರತದಲ್ಲಿ ಹೊರತಂದಿತು. ಆ ವೇಳೆಗೆ ಮನೆಗಳಲ್ಲಿ ಟೆಲಿವಿಷನ್ ಇದ್ದುದು ನಗರಗಳ ಅನುಕೂಲಸ್ಥ ಕುಟುಂಬಗಳಲ್ಲಿಯೇ ಹೆಚ್ಚು. ಆದುದರಿಂದ ಗೃಹಗಣಕವು ನಮ್ಮ ಹಳ್ಳಿಗಳಿಗೆ ಬರಲಿಲ್ಲವೆಂಬುದಕ್ಕೆ ಕಾರಣವನ್ನು ಜನರ ಬುದ್ಧಿಯಲ್ಲಿ ಅರಸಬೇಕಾಗಿಲ್ಲ. ಅದು ಮನೆಯ ಸಾಮಾನಿನ ಪಟ್ಟಿಯಲ್ಲಿಯೇ ದೊರೆಯುತ್ತದೆ.

೬

ಹಾಗಾದರೆ ಗಣಕ ನಮ್ಮಲ್ಲಿಗೆ ಬಂದುದು ಯಾವ ದಾರಿಯಿಂದ? ಇಲ್ಲಿಯೂ ಸಾರ್ವಜನಿಕ ದಾರಿಯಿಂದಲೇ ಎನ್ನಬೇಕಾಗಿದೆ. ಕೇಂದ್ರ ಸರಕಾರವು ೧೯೮೪–೮೫ರಲ್ಲಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ ದೇಶದ ಸುಮಾರು ೨೫೦ ಶಾಲೆಗಳಲ್ಲಿ ಗಣಕ ಪರಿಚಯಕ್ಕೆ ಏರ್ಪಾಡು ಮಾಡಿತು. ಆರಿಸಿದ ಯಂತ್ರ ಅದೇ ಬಿ.ಬಿ.ಸಿ. ಮೈಕ್ರೋ. ಬ್ರಿಟನ್ನಿನ ಚಿತ್ರಗಳಲ್ಲಿ ಒಂದು ರಾಷ್ಟ್ರದ ಹೆಮ್ಮೆಯಾಗಿ ಮೆರೆಯುವ ಈ ಯಂತ್ರದ ಭಾರತೀಯ ಅಧ್ಯಾಯವನ್ನು ಆ ಚಿತ್ರಗಳಲ್ಲಿ ಕಾಣೆವು.

ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿಗಳ ರೈತರು ಗಣಕವನ್ನು ತಮ್ಮ ಕೆಲಸಕ್ಕಾಗಿ ಮೊದಲು ಎದುರುಗೊಂಡುದು ಬಹುಮಟ್ಟಿಗೆ ಶಾಲೆಯಲ್ಲಿ ಅಲ್ಲ, ತಾಲ್ಲೂಕು ಕಚೇರಿಯಲ್ಲಿ. ೨೦೦೨ರ ವೇಳೆಗೆ ಕರ್ನಾಟಕದ ಅಂದಿನ ೧೭೭ ತಾಲ್ಲೂಕುಗಳಲ್ಲಿಯೂ ‘ಭೂಮಿ’ ಯೋಜನೆ ಜಾರಿಗೆ ಬಂದು, ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಶಹಾಬಾದ್ ಆಗ ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದಿತು. ಅದಕ್ಕೆ ಮುಂಚೆ ಪಹಣಿ ಬೇಕಾದವನು ಗ್ರಾಮಲೆಕ್ಕಿಗನನ್ನು ಹುಡುಕಿಕೊಂಡು ತಿರುಗಬೇಕಾಗಿತ್ತು. ಈಗ ಹದಿನೈದು ರೂಪಾಯಿ ಕಟ್ಟಿ ಮುದ್ರಿತ ಪ್ರತಿಯನ್ನು ಪಡೆಯುವಂತಾಯಿತು. ಈ ಯೋಜನೆಯ ಒಂದು ಸಣ್ಣ ವಿವರ ಚರಿತ್ರಕಾರನ ಲಕ್ಷ್ಯಕ್ಕೆ ಅರ್ಹವಾದುದು: ಗುಮಾಸ್ತನ ಪರದೆಯ ಜೊತೆಗೆ, ಕಿಟಕಿಯ ಹೊರಗೆ ನಿಂತ ರೈತನ ಕಡೆಗೆ ತಿರುಗಿಸಿದ ಎರಡನೆಯ ಪರದೆಯೊಂದನ್ನು ಇಡಲಾಗಿತ್ತು. ತನ್ನ ಹೊಲದ ದಾಖಲೆ ಬರೆಯಲ್ಪಡುವುದನ್ನು ರೈತನು ಕಣ್ಣಾರೆ ನೋಡಲೆಂಬುದು ಅದರ ಉದ್ದೇಶ. ಈ ವ್ಯವಸ್ಥೆಯ ಲೋಪದೋಷಗಳನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ. ಹಳೆಯ ದಾಖಲೆಯಲ್ಲಿದ್ದ ತಪ್ಪು ಗಣಕವನ್ನು ಸೇರಿ ಇನ್ನಷ್ಟು ಗಟ್ಟಿಯಾದುದೂ ಉಂಟು. ಆದರೂ ಆ ಎರಡನೆಯ ಪರದೆಯು ನಮ್ಮ ಸೀಮೆಯ ಗಣಕಚರಿತ್ರೆಯಲ್ಲಿ, ಕ್ಯಾಲಿಫೋರ್ನಿಯದ ಕೊಟ್ಟಿಗೆಗೆ ಅಲ್ಲಿಯ ಚರಿತ್ರೆಯಲ್ಲಿರುವ ಸ್ಥಾನಕ್ಕೆ ಅರ್ಹವೆಂದು ನನ್ನ ಅಭಿಪ್ರಾಯ.

ಇದೇ ಕಾಲದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಮತ್ತು ತಂತ್ರಜ್ಞರು ರೂಪಿಸಿ ೨೦೦೧ರ ಏಪ್ರಿಲಿನಲ್ಲಿ ಪ್ರದರ್ಶಿಸಿದ ‘ಸಿಂಪ್ಯೂಟರ್’ ಕೂಡ, ಒಂದೇ ಯಂತ್ರವನ್ನು ಹಳ್ಳಿಯ ಹಲವರು ತಮ್ಮ ತಮ್ಮ ಕಾರ್ಡುಗಳಿಂದ ಹಂಚಿಕೊಂಡು ಬಳಸಬಹುದೆಂಬ ಕಲ್ಪನೆಯನ್ನು ಆಧರಿಸಿದ್ದಿತು. ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಗೆದ್ದ ಯಂತ್ರಗಳನ್ನೇ ಎಣಿಸುವ ಕಥಾನಕಗಳು ಇಂತಹುದನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಆದರೆ ‘ಒಬ್ಬನಿಗೊಂದು ಗಣಕ’ ಎಂಬುದೊಂದೇ ಚರಿತ್ರೆಯ ದಾರಿಯಾಗಿರಲಿಲ್ಲವೆಂಬುದಕ್ಕೆ ಅದು ಪ್ರಬಲ ಸಾಕ್ಷ್ಯ.

೭

ಮೇಲಿನ ಪರಿಶೀಲನೆಯಿಂದ ಹೊರಪಡುವ ಅಂಶಗಳನ್ನು ಸಂಗ್ರಹವಾಗಿ ಹೇಳಬಹುದು. ಗೃಹಗಣಕವನ್ನು ಕುರಿತ ಸಾಕ್ಷ್ಯಚಿತ್ರಗಳು ಸುಳ್ಳು ಹೇಳುತ್ತವೆಂಬುದು ನನ್ನ ಆರೋಪವಲ್ಲ. ಒಂದು ಬಗೆಯ ಮನೆಯ ಚರಿತ್ರೆಯನ್ನು ಅವು ಯಂತ್ರದ ಚರಿತ್ರೆಯೆಂದು ಹೇಳುತ್ತವೆ. ಆ ಬಗೆಯ ಮನೆ ಇಲ್ಲದವರು ಅವನ್ನು ನೋಡಿದಾಗ ತಮಗೆ ಚರಿತ್ರೆಯೇ ಇಲ್ಲವೆಂದು ಭಾವಿಸುವಂತಾಗುತ್ತದೆ. ಮಾನ್ಯಖೇಟದ ನೆಲದಲ್ಲಿ ಹುಟ್ಟಿದ ಹುಡುಗನಿಗೆ ಸಾವಿರ ವರ್ಷಗಳ ಹಿಂದಿನ ಚರಿತ್ರೆಯಲ್ಲಿ ಪಾಲಿದ್ದು, ತನ್ನ ತಂದೆಯ ಕಾಲದ ಚರಿತ್ರೆಯಲ್ಲಿ ಪಾಲಿಲ್ಲವೆಂಬ ಭಾವನೆ ಬೆಳೆಯುವುದು ಹಾನಿಕರ.

ಇದಕ್ಕೆ ಪರಿಹಾರವೂ ನಮ್ಮ ಕೈಯಲ್ಲಿಯೇ ಇದೆ. ೧೯೭೫ರಲ್ಲಿ ಹತ್ತು ವರ್ಷದವರಾಗಿದ್ದು ‘ಸೈಟ್’ ಕಾರ್ಯಕ್ರಮವನ್ನು ನೋಡಿದವರು ಈಗ ಅರವತ್ತನ್ನು ದಾಟಿದ್ದಾರೆ. ತಾಲ್ಲೂಕು ಕಚೇರಿಗಳಲ್ಲಿ ಮೊದಲ ಪಹಣಿಗಳನ್ನು ತುಂಬಿದ ಗುಮಾಸ್ತರು ನಿವೃತ್ತರಾಗುತ್ತಿದ್ದಾರೆ. ಹಳೆಯ ಗಣಕಗಳು ಶಾಲೆ ಕಚೇರಿಗಳ ಮೂಲೆಗಳಿಂದ ಭಂಗಾರದ ಅಂಗಡಿಗಳಿಗೆ ಸಾಗುತ್ತಿವೆ. ಶಾಸನಗಳ ಪಡಿಯಚ್ಚು ತೆಗೆಯುವ ಶ್ರದ್ಧೆಯಿಂದಲೇ ಈ ಹೇಳಿಕೆಗಳನ್ನು ಧ್ವನಿಮುದ್ರಿಸಿ, ಹೇಳಿದವರ ಹೆಸರು, ಊರು, ದಿನಾಂಕಗಳನ್ನು ತಪ್ಪದೆ ನಮೂದಿಸಿ ಇಡುವುದು ಇತಿಹಾಸ ವಿಭಾಗಗಳು ಇಂದೇ ಕೈಗೊಳ್ಳಬೇಕಾದ ಕಾರ್ಯ. ಸೇಡಂ, ಚಿಂಚೋಳಿಗಳ ಗಡಿಭಾಗದಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮತ್ತು ಲಂಬಾಣಿ ಮಾತುಗಳು ಬೆರೆತಿರುವುದರಿಂದ, ಹೇಳುವವರ ಮಾತಿನಲ್ಲಿಯೇ ಅವನ್ನು ದಾಖಲಿಸತಕ್ಕದ್ದು.

ಈ ಲೇಖನಕ್ಕೆ ಕಾರಣನಾದ ವಿದ್ಯಾರ್ಥಿ ಕೆಲವು ವಾರಗಳ ತರುವಾಯ ಒಂದು ಹಾಳೆಯನ್ನು ತಂದು ತೋರಿಸಿದನು. ಅದು ಅವನ ತಂದೆ ಪಡೆದ ಮೊದಲ ಗಣಕಮುದ್ರಿತ ಪಹಣಿ. ಮನೆಯ ಟ್ರಂಕಿನಲ್ಲಿ ಕೈಬರಹದ ಹಳೆಯ ಪಹಣಿಯೊಡನೆ ಮಡಿಸಿಟ್ಟಿದ್ದುದು. ಅಕ್ಷರಗಳು ಮಾಸಿದ್ದರೂ ಸರ್ವೆ ನಂಬರು, ಜಮೀನಿನ ವಿಸ್ತೀರ್ಣ, ಒಡೆಯನ ಹೆಸರು ಓದಲು ಬರುತ್ತಿದ್ದವು. ಪ್ರಶಸ್ತಿಭಾಗವಿಲ್ಲದೆ ದಾನಭಾಗ ಮಾತ್ರವೇ ಉಳಿದುಬಂದ ಶಾಸನದಂತೆ ಅದು ಕಂಡಿತು. ಅದರ ಪ್ರತಿಯೊಂದನ್ನು ತೆಗೆದು, ದಿನಾಂಕ ಹಾಕಿ, ವಿಭಾಗದ ಸಂಗ್ರಹದಲ್ಲಿ ಮೊದಲನೆಯ ಸಂಖ್ಯೆಯನ್ನು ಕೊಟ್ಟು ಇರಿಸಿದ್ದೇನೆ.